ಮಜ್ಜಿಗೆ ಹುಲ್ಲು ಒಣಗುತ್ತಿದೆಯಾ? ಎಲೆ ಬಿಡಿ, ಬುಡ ನೋಡಿ

ಮಜ್ಜಿಗೆ ಹುಲ್ಲು, ಅಂದರೆ ಲೆಮನ್‌ಗ್ರಾಸ್, ಸುಲಭಕ್ಕೆ ಸಾಯುವ ಗಿಡ ಅಲ್ಲ. ಬಿಸಿಲು, ನೀರು, ಬೆಚ್ಚಗಿನ ಗಾಳಿ ಸಿಕ್ಕರೆ ನೆಲದಲ್ಲಿ ತಾನಾಗಿಯೇ ತೆಂಡೆ (ಬುಡದಿಂದ ಏಳುವ ಹೊಸ ದಂಟು) ಒಡೆದು ಎದೆಮಟ್ಟ ಬೆಳೆಯುತ್ತದೆ. ತೊಂದರೆ ಶುರುವಾಗುವುದು ಅದನ್ನು ಕುಂಡಕ್ಕೆ ಹಾಕಿದಾಗ, ಇಲ್ಲವೇ ಚಳಿಗಾಲ ಬಂದಾಗ. ಎರಡೂ ಒಟ್ಟಿಗೆ ಸೇರಿದರೆ ಎಲೆ ಒಣಗತೊಡಗುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಇನ್ನಷ್ಟು ನೀರು ಹಾಕುವುದು. ಗಿಡ ಸಾಯುವುದು ಅಲ್ಲೇ.

ಈ ಹುಲ್ಲಿನ ಎಲೆ ಹೇಳುವುದು ಹಳೇ ಸುದ್ದಿ. ಎಷ್ಟೋ ದಿನಗಳ ಹಿಂದೆ ಬೇರಿಗೆ ಆದದ್ದು ಇವತ್ತು ಎಲೆಯಲ್ಲಿ ಕಾಣುತ್ತದೆ. ಗಿಡ ಈಗ ಹೇಗಿದೆ ಅಂತ ತಿಳಿಯಬೇಕಾದರೆ ಬುಡವನ್ನೇ ನೋಡಬೇಕು. ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲು ಮುಂದಿನ ಪರೀಕ್ಷೆ ಮುಗಿಸಿ, ಆಮೇಲೆ ಆಯಾ ಭಾಗಕ್ಕೆ ಹೋಗಿ.

## ಎಲ್ಲಕ್ಕೂ ಮೊದಲು: ಖರ್ಚಿಲ್ಲದ ಐದು ನಿಮಿಷ

ಗ್ಲೌಸ್ ಹಾಕಿಕೊಳ್ಳಿ, ತುಂಬು ತೋಳಿನ ಅಂಗಿ ಇರಲಿ. ಎಲೆಯ ಅಂಚು ಹರಿತ. ಬರಿಗೈಯಲ್ಲಿ ಎಳೆದರೆ ಬೆರಳು ಕೊಯ್ಯುತ್ತದೆ. ಬಗ್ಗಿ ನೋಡುವಾಗ ಎಲೆ ತುದಿ ಕಣ್ಣಿಗೆ ಚುಚ್ಚದಂತೆ ಪೊದೆಯನ್ನು ಒಂದು ದಾರದಿಂದ ಸಡಿಲವಾಗಿ ಕಟ್ಟಿಬಿಡಿ. ಹತ್ತಿರ ಮಕ್ಕಳಿದ್ದರೆ ಇದು ಮರೆಯಬಾರದ ಮಾತು.

ಈಗ ದಂಟುಗಳನ್ನು ಮಣ್ಣಿನ ಮಟ್ಟದಲ್ಲಿ ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ. ಗಟ್ಟಿಯಾಗಿದ್ದರೆ ಜೀವ ಇದೆ. ಮೆತ್ತಗೆ ಕುಸಿದರೆ ಕೊಳೆತಿದೆ. ಪೊಳ್ಳಾಗಿ ಪುಡಿಯಾದರೆ ಒಣಗಿ ಸತ್ತಿದೆ. ಒಂದೆರಡು ದಂಟು ಸತ್ತಿದ್ದರೆ ಗಾಬರಿ ಬೇಡ, ಪ್ರತಿ ತೆಂಡೆಗೂ ಅದರದೇ ಬೇರು ಇರುತ್ತದೆ.

ಮಣ್ಣಿಗೆ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿ. ಮೇಲೆ ಒಣಗಿ ಕಂಡರೂ ಒಳಗೆ ಕೆಸರಾಗಿರಬಹುದು. ಕುಂಡ ಎತ್ತಿ ನೋಡಿ, ನೀರು ತುಂಬಿದ ಕುಂಡದ ತೂಕ ಕೈಗೇ ಗೊತ್ತಾಗುತ್ತದೆ. ಕೆಳಗಿನ ತೂತು ಮುಚ್ಚಿಕೊಂಡಿದೆಯಾ? ತಟ್ಟೆಯಲ್ಲಿ ನೀರು ನಿಂತಿದೆಯಾ? ಅಂದಕ್ಕೆ ಅಂತ ಇಟ್ಟ ಹೊರಗಿನ ಕುಂಡದ ತಳದಲ್ಲಿ ನೀರು ಅಡಗಿ ಕೂತಿರುವುದೂ ಉಂಟು. ಕಡೆಗೆ ಎಲೆಯ ಹಿಂಭಾಗ, ದಂಟನ್ನು ಸುತ್ತಿಕೊಂಡ ಸಿಪ್ಪೆಯ ಒಳಭಾಗ ನೋಡಿ. ಹುಳು ಇದ್ದರೆ ಅಲ್ಲೇ ಇರುತ್ತದೆ.

## ಎಲೆ ತುದಿ ಮಾತ್ರ ಕಂದಾಗಿ ಒಣಗುತ್ತಿದೆ

ಬುಡ ಗಟ್ಟಿ, ಸುಳಿ ಹಸಿರು, ತುದಿ ಮಾತ್ರ ಒಣಗಿದೆ ಅಂದರೆ ಅದು ರೋಗ ಅಲ್ಲ. ಉದ್ದ ಎಲೆಯ ತುದಿಗೆ ನೀರು ತಲುಪುವುದು ಕೊನೆಗೆ, ಹಾಗಾಗಿ ನೀರು ಕಡಿಮೆಯಾದರೆ ಮೊದಲು ಒಣಗುವುದೂ ಅದೇ. ಬಿರು ಬೇಸಿಗೆಯಲ್ಲಿ ಕುಂಡಕ್ಕೆ ದಿನವೂ ನೀರು ಬೇಕಾಗಬಹುದು. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಒಣ ಗಾಳಿಯೂ ಇದನ್ನೇ ಮಾಡುತ್ತದೆ. ಹೀಟರಿನಿಂದ ದೂರ ಇಡಿ.

ನೀರು ಸರಿಯಾಗಿ ಹಾಕುತ್ತಿದ್ದರೂ ತುದಿ ಸುಟ್ಟಂತಾಗಿದ್ದರೆ ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿನಲ್ಲಿ ಬಿಳಿ ಪದರ ಇದೆಯಾ ನೋಡಿ. ಅದು ಗೊಬ್ಬರದ ಉಪ್ಪು, ಇಲ್ಲವೇ ಗಡಸು ನೀರಿನ ಉಪ್ಪು. ಮೇಲಿನ ಪದರ ಕೆರೆದು ತೆಗೆಯಿರಿ. ಕುಂಡದ ಅಳತೆಯ ಎರಡು ಮೂರು ಪಟ್ಟು ನೀರನ್ನು ನಿಧಾನಕ್ಕೆ ಸುರಿದು ಕೆಳಗಿನಿಂದ ಪೂರ್ತಿ ಹರಿದುಹೋಗಲು ಬಿಡಿ. ಆಮೇಲೆ ಒಂದು ತಿಂಗಳು ಗೊಬ್ಬರ ಬೇಡ. ಇದನ್ನು ಬೆಚ್ಚಗಿನ ಕಾಲದಲ್ಲೇ ಮಾಡಿ. ಚಳಿಯಲ್ಲಿ ಅಷ್ಟು ನೀರು ಸುರಿದರೆ ಇನ್ನೊಂದು ತೊಂದರೆ ತಂದುಕೊಂಡ ಹಾಗೆ.

ನೀರು ಹಾಕಿದ ಕೂಡಲೇ ಕೆಳಗಿನಿಂದ ಸುರಿದು ಹೋಗುತ್ತದೆಯಾ? ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣ ಪೂರ್ತಿ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ನೀರು ಪಕ್ಕದಿಂದ ಜಾರಿ ಹೋಗುತ್ತದೆ, ಬೇರಿಗೆ ಏನೂ ಸಿಗುವುದಿಲ್ಲ. ಕುಂಡವನ್ನು ನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ಇಟ್ಟು ತೆಗೆದು ಬಸಿಯಲು ಬಿಡಿ. ಹೀಗೆ ಮಾಡಿದ ಮೇಲೂ ನೀರು ನಿಲ್ಲದಿದ್ದರೆ ಕುಂಡದ ತುಂಬ ಬೇರುಗಳೇ ಇವೆ ಎಂದರ್ಥ. ಅದರ ವಿಷಯ ಮುಂದಿದೆ.

ಒಣ ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿಬಿಡಿ. ಅದು ಮತ್ತೆ ಹಸಿರಾಗುವುದಿಲ್ಲ.

## ಎಲೆ ಹಳದಿಯಾಗುತ್ತಿದೆ

ಇಲ್ಲಿ ಯಾವ ಎಲೆ ಅನ್ನುವುದೇ ಮುಖ್ಯ. ಹೊರಗಿನ, ಕೆಳಗಿನ ಎಲೆ ಒಂದೊಂದೇ ಹಳದಿಯಾಗಿ ಒಣಗುವುದು ಸಹಜ, ವಯಸ್ಸಾದ ಎಲೆ ಅದು. ಕಿತ್ತು ಹಾಕಿ, ಸುಮ್ನೆ ಇರಿ.

ಕೆಳಗಿನ ಎಲೆಗಳೆಲ್ಲ ಒಟ್ಟಿಗೆ ಹಳದಿಯಾಗಿ, ಹೊಸ ಎಲೆಯೂ ತಿಳಿ ಹಸಿರಾಗಿ ಸಣ್ಣದಾಗಿ ಬರುತ್ತಿದ್ದರೆ ಹಸಿವು. ಹುಲ್ಲಿನ ಜಾತಿಯ ಗಿಡಕ್ಕೆ ಸಾರಜನಕ ಜಾಸ್ತಿ ಬೇಕು, ಕುಂಡದ ಮಣ್ಣಿನಲ್ಲಿ ಅದು ಬೇಗ ಮುಗಿಯುತ್ತದೆ. ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಅಥವಾ ಎರಡು ವಾರಕ್ಕೊಮ್ಮೆ ತೆಳುವಾಗಿ ಬೆರೆಸಿದ ದ್ರವ ಗೊಬ್ಬರ ಸಾಕು. ಎರಡು ಮೂರು ವಾರದಲ್ಲಿ ಹೊಸ ಎಲೆಯ ಬಣ್ಣ ಬದಲಾಗುತ್ತದೆ. ಬದಲಾಗದಿದ್ದರೆ ಹಸಿವು ಕಾರಣ ಅಲ್ಲ, ಇನ್ನಷ್ಟು ಗೊಬ್ಬರ ಸುರಿಯಬೇಡಿ.

ಹೊಸ ಎಲೆ ಮಾತ್ರ ಹಳದಿ, ಅದರ ಉದ್ದಕ್ಕೂ ನರಗಳು ಹಸಿರು ಗೆರೆಗಳಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಸಾಮಾನ್ಯವಾಗಿ ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಸುಣ್ಣದಂಶ ಜಾಸ್ತಿಯಾಗಿ ಬೇರಿಗೆ ಸಿಗುವುದಿಲ್ಲ. ಗಡಸು ನೀರಿನ ಬದಲು ಮಳೆ ನೀರು ಹಾಕಿ ನೋಡುವುದು ಅಗ್ಗದ ದಾರಿ.

ಇನ್ನು ಕೊನೆಯದು, ಅಪಾಯದ್ದು: ಮಣ್ಣು ಒದ್ದೆ, ಆದರೂ ಗಿಡ ಪೂರ್ತಿ ಹಳದಿ, ಎಲೆ ಜೋತು ಬಿದ್ದಿದೆ. ನೀರಿದ್ದೂ ಬಾಯಾರಿದಂತೆ ಕಂಡರೆ ಬೇರು ಕೆಲಸ ಮಾಡುತ್ತಿಲ್ಲ. ನೀರು ಹಾಕುವುದನ್ನು ಈ ಕ್ಷಣವೇ ನಿಲ್ಲಿಸಿ ಮುಂದಿನ ಭಾಗಕ್ಕೆ ಬನ್ನಿ.

## ಬುಡ ಮೆತ್ತಗಾಗಿದೆ, ಕೆಟ್ಟ ವಾಸನೆ ಬರುತ್ತಿದೆ

ಇದು ಬೇರು ಕೊಳೆ. ಔಷಧಿ ಹುಡುಕಿ ಸಮಯ ಕಳೆಯಬೇಡಿ, ಕುಂಡದಿಂದ ಗಿಡ ಹೊರಗೆ ತೆಗೆಯಿರಿ. ಒಳ್ಳೆ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು, ಎಳೆದರೆ ಗಟ್ಟಿ. ಕೊಳೆತ ಬೇರು ಕಪ್ಪು ಕಂದು, ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ.

ಮಣ್ಣು ತೊಳೆದು ಪೊದೆಯನ್ನು ಬಿಡಿಸಿ. ಮೆತ್ತಗಿನ ತೆಂಡೆಗಳನ್ನೆಲ್ಲ ಎಸೆಯಿರಿ. ಒಂದು ತೆಂಡೆ ಗಟ್ಟಿಯಾಗಿದ್ದರೂ ಸಾಕು, ಗಿಡ ಉಳಿಯಿತು ಅಂತಲೇ ಲೆಕ್ಕ. ಗಟ್ಟಿ ಇರುವುದರ ಕೊಳೆತ ಬೇರು ಕತ್ತರಿಸಿ, ಎಲೆಯನ್ನು 15 ಸೆಂಟಿಮೀಟರಿಗೆ ಇಳಿಸಿ. ಬೇರು ಕಡಿಮೆ ಇರುವಾಗ ಎಲೆಯೂ ಕಡಿಮೆ ಇರಬೇಕು, ಇಲ್ಲದಿದ್ದರೆ ಎಲೆಗೆ ಬೇಕಾದಷ್ಟು ನೀರು ಒದಗಿಸಲು ಬೇರಿಗೆ ಆಗುವುದಿಲ್ಲ. ಹೊಸ ಮಣ್ಣಿಗೆ ಮೂರರಲ್ಲಿ ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು) ಬೆರೆಸಿ, ಸಣ್ಣ ಕುಂಡದಲ್ಲಿ ನೆಡಿ. ದೊಡ್ಡ ಕುಂಡ ಬೇಡ. ಬೇರಿಲ್ಲದ ಮಣ್ಣಿನಲ್ಲಿ ನೀರು ಹಾಗೇ ನಿಂತು ಮತ್ತೆ ಅದೇ ಕಥೆ ಶುರುವಾಗುತ್ತದೆ. ಹಳೇ ಮಣ್ಣನ್ನು ಬೇರೆ ಕುಂಡಗಳಿಗೆ ಹಾಕಬೇಡಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಡಿ.

ಯಾವ ತೆಂಡೆಯೂ ಗಟ್ಟಿ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ಆ ಗಿಡ ಮತ್ತೆ ಬರುವುದಿಲ್ಲ.

## ಎಲೆ ಕೆಂಪಗೆ, ನೇರಳೆ ಬಣ್ಣಕ್ಕೆ ತಿರುಗಿದೆ

ಚಳಿ ತಾಗಿದೆ. ಇದು ಉಷ್ಣವಲಯದ ಹುಲ್ಲು. ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿದರೆ ಬೆಳವಣಿಗೆ ನಿಲ್ಲುತ್ತದೆ, ಎಲೆಗೆ ಕೆಂಪು ಛಾಯೆ ಬರುತ್ತದೆ. ಒಳಗೆ ತರುವ ಸಮಯ ಬಂತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸೂಚನೆ ಬೇಡ. ಬೆಚ್ಚಗಿನ ಕಾಲದಲ್ಲೂ ಎಲೆ ನೇರಳೆಯಾಗಿ ಗಿಡ ಕುಂಟುತ್ತಿದ್ದರೆ ರಂಜಕದ ಕೊರತೆ ಇರಬಹುದು, ಅದಕ್ಕೂ ಮೊದಲ ಮದ್ದು ಎರೆಗೊಬ್ಬರವೇ.

ದಂಟಿನ ಬುಡ ಮಾತ್ರ ಸದಾ ಕೆಂಪಾಗಿದ್ದರೆ ಅದು ದೋಷವೇ ಅಲ್ಲ, ಬೇರೆ ಗಿಡ ಇರಬಹುದು. ಸಿಟ್ರೋನೆಲ್ಲಾ ಹುಲ್ಲು ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದು ಸೊಳ್ಳೆ ಓಡಿಸುವ ಎಣ್ಣೆಗೆ ಬೆಳೆಯುವಂಥದ್ದು, ಅಡುಗೆಗೆ ಅಲ್ಲ. ಅನುಮಾನ ಇದ್ದರೆ ಬಾಯಿಗೆ ಹಾಕುವ ಮೊದಲು ಗಿಡ ಗೊತ್ತಿರುವವರಿಗೆ ತೋರಿಸಿ.

## ಚಳಿಗಾಲದಲ್ಲಿ ಪೂರ್ತಿ ಒಣಗಿದೆ. ಸತ್ತಿದೆಯಾ?

ಹೆಚ್ಚಿನ ಮಜ್ಜಿಗೆ ಹುಲ್ಲು ಕಸದ ಬುಟ್ಟಿಗೆ ಹೋಗುವುದು ಈ ಹಂತದಲ್ಲಿ. ಅದರಲ್ಲಿ ಎಷ್ಟೋ ಜೀವಂತ ಇರುತ್ತವೆ.

ಎಲೆ ಒಣಗಿ ಹುಲ್ಲಿನ ಕಂತೆಯಂತೆ ಕಂಡರೂ ಜೀವ ಬುಡದಲ್ಲಿ, ಮಣ್ಣಿನ ಮಟ್ಟದಿಂದ ಎರಡು ಮೂರು ಬೆರಳಗಲದೊಳಗೆ ಇರುತ್ತದೆ. ಪರೀಕ್ಷೆ ಹೀಗೆ: ಒಂದು ದಂಟನ್ನು ಮಣ್ಣಿನಿಂದ ಐದು ಸೆಂಟಿಮೀಟರ್ ಮೇಲೆ ಕತ್ತರಿಸಿ. ಒಳಗೆ ಬೆಳ್ಳಗೆ, ತೇವವಾಗಿ, ಉಜ್ಜಿದರೆ ನಿಂಬೆ ಘಮ ಬಂದರೆ ಬದುಕಿದೆ. ಕಂದಾಗಿ ಪೊಳ್ಳಾಗಿದ್ದರೆ ಇನ್ನೂ ಕೆಳಗೆ ಕತ್ತರಿಸಿ. ಕುಂಡದ ನಾಲ್ಕೂ ಬದಿಯಿಂದ, ನಡುವಿನಿಂದಲೂ ಒಂದೊಂದು ದಂಟು ನೋಡದೆ ತೀರ್ಪು ಕೊಡಬೇಡಿ. ಗೋಡೆಗೆ ತಾಗಿದ ಬದಿ ಉಳಿದು ಗಾಳಿಗೆ ಒಡ್ಡಿದ ಬದಿ ಸತ್ತಿರುವುದು ಸಾಮಾನ್ಯ.

ಪರೀಕ್ಷೆಯಲ್ಲೂ ಗೊತ್ತಾಗದಿದ್ದರೆ ಕಾಯಿರಿ. ಮಣ್ಣು ಬೆಚ್ಚಗಾಗದೆ ಇದು ಚಿಗುರುವುದಿಲ್ಲ. ಹೊರಗೆ ಬೇರೆ ಗಿಡಗಳೆಲ್ಲ ಚಿಗುರಿದರೂ ಇದು ಸುಮ್ಮನೆ ಕೂತಿರುತ್ತದೆ. ರಾತ್ರಿ ಕೂಡ ಬೆಚ್ಚಗಿರುವ ದಿನಗಳು ಬಂದ ಮೇಲೆ ಆರು ವಾರ ಕೊಡಿ. ಅಲ್ಲಿಯವರೆಗೆ ಮಣ್ಣು ತುಸು ತೇವ ಇದ್ದರೆ ಸಾಕು, ಎಬ್ಬಿಸುತ್ತೇನೆ ಅಂತ ನೀರು ಸುರಿಯಬೇಡಿ. ಆರು ವಾರದ ಮೇಲೂ ಹಸಿರು ಮೊಳಕೆ ಕಾಣದಿದ್ದರೆ, ಒತ್ತಿದರೆ ಬುಡ ಪುಡಿಯಾದರೆ, ಆಗ ಬಿಟ್ಟುಬಿಡಿ.

ಮುಂದಿನ ಚಳಿಗಾಲಕ್ಕೆ ದಾರಿ ಎರಡು. ಯಾವುದಾದರೂ ಒಂದನ್ನು ಆರಿಸಿ, ಎರಡನ್ನೂ ಕಲಸಬೇಡಿ.

ಮೊದಲನೆಯದು ಮಲಗಿಸುವುದು. ಹಿಮ ಬೀಳುವ ಮೊದಲೇ ಎಲೆಯನ್ನು 15 ಸೆಂಟಿಮೀಟರಿಗೆ ಕತ್ತರಿಸಿ, 5ರಿಂದ 10 ಡಿಗ್ರಿ ಇರುವ ತಂಪು ಜಾಗದಲ್ಲಿ ಇಡಿ. ಗ್ಯಾರೇಜ್, ನೆಲಮಾಳಿಗೆ, ಮೆಟ್ಟಿಲ ಕೆಳಗಿನ ಜಾಗ ಆಗುತ್ತದೆ, ಬೆಳಕು ಕಡಿಮೆ ಇದ್ದರೂ ನಡೆಯುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಒಂದು ಲೋಟ ನೀರು. ಬೇರಿನ ಗಡ್ಡೆ ಪೂರ್ತಿ ಒಣಗದಿದ್ದರೆ ಸಾಕು. ಗೊಬ್ಬರ ಬೇಡವೇ ಬೇಡ.

ಎರಡನೆಯದು ಎಚ್ಚರವಾಗಿಡುವುದು. ಮನೆಯಲ್ಲಿ ಅತಿ ಜಾಸ್ತಿ ಬಿಸಿಲು ಬೀಳುವ ಕಿಟಕಿ ಅಥವಾ ದಿನಕ್ಕೆ 12 ಗಂಟೆ ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಇರುವ ದೀಪ) ಬೇಕು. ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು. ಬೆಳವಣಿಗೆ ನಿಧಾನ ಇರುತ್ತದೆ, ಇರಲಿ.

ಕೆಡುವುದು ಎಲ್ಲಿ ಅಂದರೆ ಬೆಚ್ಚಗಿದ್ದೂ ಕತ್ತಲಾಗಿರುವ ಮೂಲೆಯಲ್ಲಿ. ಬಿಸಿ ತಾಗಿದ ಗಿಡ ಎಲೆ ಹೊರಡಿಸುತ್ತದೆ, ಬೆಳಕಿಲ್ಲದೆ ಅದು ಬಿಳಿಚಿಕೊಂಡು ಉದ್ದಕ್ಕೆ ಬಾಗುತ್ತದೆ, ಬುಡದಲ್ಲಿ ಕೂಡಿಟ್ಟದ್ದು ಖಾಲಿಯಾಗುತ್ತದೆ. ಇಂಥ ಬಿಳಿಚಿದ ಎಲೆ ಕಂಡರೆ ಬೆಳಕು ಜಾಸ್ತಿ ಮಾಡಿ, ಇಲ್ಲವೇ ಮೊದಲ ದಾರಿಯಲ್ಲಿ ಹೇಳಿದ ತಂಪು ಜಾಗಕ್ಕೆ ಒಯ್ಯಿರಿ. ಗೊಬ್ಬರ ಇದಕ್ಕೆ ಉತ್ತರ ಅಲ್ಲ.

ನೆಲದಲ್ಲೇ ಬಿಟ್ಟರೆ? ಅಪರೂಪಕ್ಕೊಮ್ಮೆ ಹಿಮ ಬೀಳುವ ಕಡೆ ಬುಡಕ್ಕೆ 10ರಿಂದ 15 ಸೆಂಟಿಮೀಟರ್ ದಪ್ಪ ಒಣಹುಲ್ಲಿನ ಹೊದಿಕೆ ಹಾಕಿದರೆ ಎಲೆ ಸತ್ತರೂ ಬುಡ ಉಳಿಯಬಹುದು. ನೆಲವೇ ಹೆಪ್ಪುಗಟ್ಟುವ ಕಡೆ ಅದನ್ನು ನಂಬಬೇಡಿ. ನಾನಾದರೆ ಎಲ್ಲಿದ್ದರೂ ನಾಲ್ಕು ಒಳ್ಳೆ ತೆಂಡೆ ಬಿಡಿಸಿ ಸಣ್ಣ ಕುಂಡದಲ್ಲಿ ಕಿಟಕಿಯ ಹತ್ತಿರ ಇಟ್ಟಿರುತ್ತೇನೆ. ದೊಡ್ಡ ಪೊದೆ ಹೋದರೂ ಗಿಡ ಹೋಗುವುದಿಲ್ಲ.

ಒಂದು ಎಚ್ಚರಿಕೆ. ಒಣಗಿದ ಮಜ್ಜಿಗೆ ಹುಲ್ಲು ಬೇಗ ಹೊತ್ತಿಕೊಳ್ಳುತ್ತದೆ. ಒಣ ಪೊದೆಯನ್ನು ಹೀಟರ್, ಒಲೆ, ದೀಪದ ಹತ್ತಿರ ಇಡಬೇಡಿ.

## ಒಳಗೆ ತಂದ ಮೇಲೆ ಎಲೆ ಮಂಕಾಗಿದೆ, ಚುಕ್ಕೆ ಬಿದ್ದಿದೆ

ಒಂದು ಬಿಳಿ ಕಾಗದವನ್ನು ಎಲೆಯ ಕೆಳಗೆ ಹಿಡಿದು ಎಲೆಯನ್ನು ತಟ್ಟಿ. ಕಾಗದದ ಮೇಲೆ ಬಿದ್ದ ಸಣ್ಣ ಚುಕ್ಕೆಗಳು ನಡೆದಾಡಿದರೆ ಅದು ಜೇಡನುಸಿ. ಎಲೆ ಮೇಲೆ ಧೂಳಿನಂತೆ ತಿಳಿ ಚುಕ್ಕೆ, ದಂಟಿನ ಸಂದಿಯಲ್ಲಿ ನಯವಾದ ಬಲೆ ಇದರ ಗುರುತು. ಒಣ, ಬಿಸಿ ಗಾಳಿ ಇದಕ್ಕೆ ಇಷ್ಟ.

ಮೊದಲ ಮದ್ದು ಬರೀ ನೀರು. ಕುಂಡದ ಮಣ್ಣನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿ, ಗಿಡವನ್ನು ಬಚ್ಚಲಿನಲ್ಲಿ ಓರೆ ಮಾಡಿ ಎಲೆಯ ಹಿಂಭಾಗಕ್ಕೆ ನೀರು ರಭಸವಾಗಿ ಹಾಯಿಸಿ. ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಮಾಡಿ. ಮೊಟ್ಟೆ ಒಡೆದು ಹೊಸ ನುಸಿ ಬರುತ್ತಲೇ ಇರುತ್ತದೆ, ಒಂದು ಸಲ ತೊಳೆದರೆ ಸಾಲದು. ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ನಾಲ್ಕು ಹನಿ ಮೃದು ಸೋಪು ಹಾಕಿ, ಸಂಜೆ ಸಿಂಪಡಿಸಿ. ಮೊದಲು ಒಂದೆರಡು ಎಲೆಗೆ ಹಾಕಿ ಒಂದು ದಿನ ನೋಡಿ. ಬಿಸಿಲಿನಲ್ಲಿ ಹಾಕಿದರೆ ಎಲೆ ಸುಡುತ್ತದೆ.

ಸಿಪ್ಪೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಗುಡ್ಡೆ ಇದ್ದರೆ ಹಿಟ್ಟು ತಿಗಣೆ. ಹೊರಗಿನ ಸಡಿಲ ಸಿಪ್ಪೆ ಕಿತ್ತು, ಉಳಿದದ್ದನ್ನು ಸ್ಪಿರಿಟ್ ಅದ್ದಿದ ಹತ್ತಿ ಕಡ್ಡಿಯಲ್ಲಿ ಒರೆಸಿ. ಸ್ಪಿರಿಟ್ ಇರುವಾಗ ಬೆಂಕಿ ದೂರ, ಕಿಟಕಿ ತೆರೆದಿರಲಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ ನೀರು ಜಾಸ್ತಿಯಾಗಿದೆ ಅಂತಷ್ಟೇ. ಮೇಲಿನ ಮಣ್ಣು ಒಣಗಲು ಬಿಡಿ, ಕಡಿಮೆಯಾಗುತ್ತವೆ.

ತಿನ್ನುವ ಗಿಡ ಇದು. ಎಲೆಯೊಳಗೆ ಇಳಿದು ಉಳಿಯುವ ಕೀಟನಾಶಕ ಬೇಡ. ಏನೇ ಸಿಂಪಡಿಸಿದರೂ ಡಬ್ಬಿಯ ಮೇಲೆ ತಿನ್ನುವ ಗಿಡಕ್ಕೆ ಆಗುತ್ತದೆ ಅಂತ ಬರೆದಿರಬೇಕು, ಅಲ್ಲಿ ಹೇಳಿದಷ್ಟು ದಿನ ಕೊಯ್ಯಬಾರದು.

## ಎಲೆಯ ಹಿಂದೆ ಕಂದು ಗೆರೆ, ಮುಟ್ಟಿದರೆ ಕೈಗೆ ಪುಡಿ

ತುಕ್ಕು ರೋಗ. ಇದೊಂದು ಶಿಲೀಂಧ್ರ. ಎಲೆ ಹಿಂದೆ ಉದ್ದುದ್ದ ಕಂದು ಗೆರೆಗಳು, ಮೇಲ್ಭಾಗದಲ್ಲಿ ಹಳದಿ ಮಚ್ಚೆ. ಪುಡಿ ಗಾಳಿ ನೀರಿನಲ್ಲಿ ಹರಡುತ್ತದೆ, ಎಲೆ ಒದ್ದೆ ಇದ್ದಷ್ಟೂ ಅದಕ್ಕೆ ಅನುಕೂಲ. ರೋಗದ ಎಲೆ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಕಾಂಪೋಸ್ಟಿಗೆ ಹಾಕಬೇಡಿ. ನೀರನ್ನು ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕಿ. ತುಂಬ ಹರಡಿದ್ದರೆ ಬೆಚ್ಚಗಿನ ಕಾಲದಲ್ಲಿ ಇಡೀ ಪೊದೆಯನ್ನು ಒಂದು ಗೇಣಿಗೆ ಕತ್ತರಿಸಿಬಿಡುವುದೇ ವಾಸಿ, ಹೊಸ ಎಲೆ ಶುದ್ಧವಾಗಿ ಬರುವ ಸಾಧ್ಯತೆ ಜಾಸ್ತಿ. ಹೊಸ ಎಲೆಗೂ ಗೆರೆ ಬಂದರೆ ನಿಮ್ಮ ಕಡೆಯ ತೋಟಗಾರಿಕೆ ತಜ್ಞರಿಗೆ ಎಲೆ ತೋರಿಸಿ. ಅಂದಾಜಿನಲ್ಲಿ ಶಿಲೀಂಧ್ರನಾಶಕ ಹೊಡೆಯಬೇಡಿ.

## ಚಳಿ ಮುಗಿದು ಹೊರಗೆ ಇಟ್ಟ ಕೂಡಲೇ ಎಲೆ ಬೆಳ್ಳಗಾಯಿತು

ಬಿಸಿಲು ಸುಟ್ಟಿದೆ, ಅಷ್ಟೇ. ಒಳಗೆ ಬೆಳೆದ ಎಲೆಗೆ ನೇರ ಬಿಸಿಲು ತಡೆಯುವುದಿಲ್ಲ. ನೆರಳಿಗೆ ತಂದು, ದಿನಕ್ಕೆ ಒಂದೆರಡು ಗಂಟೆಯಂತೆ ಬಿಸಿಲು ಹೆಚ್ಚಿಸುತ್ತಾ ಒಂದು ವಾರ ಹತ್ತು ದಿನ ಅಭ್ಯಾಸ ಮಾಡಿಸಿ. ಬೆಳ್ಳಗಾದ ಎಲೆ ಹೋಗುತ್ತದೆ, ಹೊಸದು ಬಿಸಿಲಿಗೆ ಹೊಂದಿಕೊಂಡೇ ಬರುತ್ತದೆ.

## ಎಲೆ ಚೆನ್ನಾಗಿದೆ, ಆದರೆ ದಂಟು ತೆಳ್ಳಗೆ, ಘಮವೂ ಇಲ್ಲ

ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಆರು ಗಂಟೆಗಿಂತ ಕಡಿಮೆ ಇದ್ದರೆ ಉಳಿದದ್ದೆಲ್ಲ ಆಮೇಲೆ. ನಿಂಬೆ ಘಮ ಕೊಡುವುದು ಸಿಟ್ರಾಲ್ ಅನ್ನುವ ಎಣ್ಣೆಯ ಅಂಶ. ನೆರಳಿನಲ್ಲಿ ಬೆಳೆದ ಎಲೆ ನೀಳವಾಗಿರುತ್ತದೆ, ಘಮ ಮಾತ್ರ ಸಪ್ಪೆ.

ಬಿಸಿಲು ಸಾಕಷ್ಟಿದ್ದರೆ ಕುಂಡ ನೋಡಿ. ತೂತಿನಿಂದ ಬೇರು ಹೊರಬಂದಿದೆ, ಕುಂಡ ಉಬ್ಬಿದೆ, ಪೊದೆಯ ನಡುವೆ ಸತ್ತು ಸುತ್ತಲೂ ಮಾತ್ರ ಹಸಿರಿದೆ ಅಂದರೆ ಜಾಗ ಸಾಲದು. ಬೆಚ್ಚಗಿನ ಕಾಲದ ಶುರುವಿನಲ್ಲಿ ಗಿಡ ಹೊರತೆಗೆದು ಗರಗಸ ಅಥವಾ ಹಳೇ ಚಾಕುವಿನಿಂದ ನಾಲ್ಕು ಭಾಗ ಮಾಡಿ. ಬೇರಿನ ಗಡ್ಡೆ ಗಟ್ಟಿ ಇರುತ್ತದೆ, ಚಾಕುವನ್ನು ನಿಮ್ಮ ಕಡೆಗೆ ಎಳೆಯಬೇಡಿ, ನೆಲದ ಮೇಲೆ ಇಟ್ಟು ಒತ್ತಿ. ಹೊರಗಿನ ಎಳೆಯ ತೆಂಡೆಗಳನ್ನು 30 ಸೆಂಟಿಮೀಟರ್ ಅಗಲದ ಕುಂಡಕ್ಕೆ ನಾಲ್ಕೈದರಂತೆ ನೆಡಿ. ಕುಂಡದಲ್ಲಿ ಒಂದೆರಡು ವರ್ಷಕ್ಕೊಮ್ಮೆ ಈ ಕೆಲಸ ಬೇಕೇ ಬೇಕು.

ಬೀಜದಿಂದ ಬೆಳೆಸಿದ ಗಿಡವಾದರೆ ದಂಟು ಎಂದೂ ದಪ್ಪವಾಗದೇ ಇರಬಹುದು. ಅಡುಗೆಯ ದಪ್ಪ ದಂಟಿನ ಜಾತಿ ಸಿಂಬೋಪೋಗಾನ್ ಸಿಟ್ರೇಟಸ್ ಹೂ ಬಿಡುವುದೇ ಅಪರೂಪ, ಅದನ್ನು ತೆಂಡೆಯಿಂದ ಬೆಳೆಸುತ್ತಾರೆ. ಬೀಜವಾಗಿ ಸಿಗುವುದು ಸಾಮಾನ್ಯವಾಗಿ ತೆಳು ದಂಟಿನ ಸಿಂಬೋಪೋಗಾನ್ ಫ್ಲೆಕ್ಸುವೋಸಸ್. ಎಲೆಗೆ ಅದು ಚೆನ್ನ, ದಂಟಿಗೆ ಅಲ್ಲ.

## ಕೊಂಡು ತಂದ ದಂಟು ನೀರಿನಲ್ಲಿಟ್ಟರೂ ಬೇರು ಬರಲಿಲ್ಲ

ದಂಟಿನ ತಳ ನೋಡಿ. ಬೇರು ಹುಟ್ಟುವ ಗಟ್ಟಿ ಬಿಲ್ಲೆ ಅಲ್ಲಿರಬೇಕು. ಮಾರುವವರು ಅದನ್ನು ಕತ್ತರಿಸಿದ್ದರೆ ಎಷ್ಟು ದಿನ ಇಟ್ಟರೂ ಬರುವುದಿಲ್ಲ. ಬಿಲ್ಲೆ ಇದ್ದರೆ ತಳ ಮುಳುಗುವಷ್ಟು, ಅಂದರೆ ಎರಡು ಬೆರಳಷ್ಟು ನೀರು ಹಾಕಿ, ಬೆಚ್ಚಗಿನ ಬೆಳಕಿನ ಜಾಗದಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಬೇರು ಕಾಣುತ್ತದೆ. ನೀರು ಲೋಳೆಯಾಗಿ ತಳ ಮೆತ್ತಗಾದರೆ ಎಸೆದು ತಾಜಾ ದಂಟು ತನ್ನಿ. ಬೇರು ಎರಡು ಬೆರಳುದ್ದ ಆದ ಮೇಲೆ ಮಣ್ಣಿಗೆ ಇಳಿಸಿ, ಮೊದಲ ವಾರ ಮಣ್ಣು ಒಣಗಲು ಬಿಡಬೇಡಿ.

## ಬೆಕ್ಕು, ನಾಯಿ ತಿಂದುಬಿಟ್ಟಿದೆ

ಬೆಕ್ಕಿಗೆ ಈ ಹುಲ್ಲು ಇಷ್ಟ, ಚಳಿಗಾಲದಲ್ಲಿ ಗಿಡ ಒಳಗೆ ಬಂದಾಗ ಮೆಲ್ಲುವುದು ಸಾಮಾನ್ಯ. ಒಂದೆರಡು ಎಲೆ ಕಚ್ಚಿದರೆ ಹೊಟ್ಟೆ ಸ್ವಲ್ಪ ಕೆಡಬಹುದು, ವಾಂತಿ ಆಗಬಹುದು. ಜಾಸ್ತಿ ತಿಂದಿದ್ದರೆ, ವಾಂತಿ ನಿಲ್ಲದಿದ್ದರೆ, ಮಂಕಾಗಿ ಮಲಗಿದರೆ ಅಥವಾ ಉಸಿರಾಟದಲ್ಲಿ ವ್ಯತ್ಯಾಸ ಕಂಡರೆ ತಡ ಮಾಡದೆ ಪಶುವೈದ್ಯರಲ್ಲಿ ಕರೆದೊಯ್ಯಿರಿ. ಗಿಡಕ್ಕೆ ಇತ್ತೀಚೆಗೆ ಏನಾದರೂ ಸಿಂಪಡಿಸಿದ್ದರೆ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.